ಅರಿಶಿನದ ಹಳದಿ, ಕಾಮಾಲೆಯ ಹಳದಿ

ರಾತ್ರಿ ಎಲ್ಲರೂ ಮಲಗಿದ ಮೇಲೆ ಪಕ್ಕದ ಮನೆಯಿಂದ ಚಮಚ ಲೋಟಕ್ಕೆ ತಾಗುವ ಸಣ್ಣ ಸದ್ದು ಕೇಳಿಸಿತು. ಕೊಲ್ಲಿ ನಾಡಿನ ಈ ಖೈತಾನ್‌ನಲ್ಲಿ ನಮ್ಮ ಕಟ್ಟಡದ ಗೋಡೆಗಳು ತೆಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು. ಆದರೆ ಮಗುವಿನ ಅಳು ಮಾತ್ರ ಇಲ್ಲ. ಅಮಿತಾಳ ಮಗು ಹುಟ್ಟಿ ಇನ್ನೂ ವಾರ ಆಗಿರಲಿಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಅದು ಹಸಿವಾದಾಗಲೆಲ್ಲ ಅತ್ತು ನಮ್ಮನ್ನೂ ಎಬ್ಬಿಸುತ್ತಿತ್ತು. ಈಗ ಹಾಲನ್ನು ಚಮಚದಲ್ಲಿ ಕುಡಿಸುತ್ತಿದ್ದಾರೆ, ಮಗು ಅಳುತ್ತಲೇ ಇಲ್ಲ. ನನಗೆ ಮತ್ತೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅವರ ಮನೆಗೆ ಹೋದೆ. ಅಮಿತಾಳ ಗಂಡ ರೋಹಿದಾಸ ಆಫೀಸಿಗೆ ಹೋಗಿಯಾಗಿತ್ತು. ಬಾಣಂತನಕ್ಕೆಂದು ಕಟಪಾಡಿಯಿಂದ ಬಂದಿದ್ದ ಅತ್ತೆ ಗುಲಾಬಿಯಮ್ಮ ಮಗುವಿಗೆ ಆಗಷ್ಟೇ ಸ್ನಾನ ಮಾಡಿಸಿದ್ದರು. ಮೇ ತಿಂಗಳ ಧೂಳಿಗೆ ಹೆದರಿ ಬಾಣಂತಿಯ ಕೋಣೆಯ ಕಿಟಕಿಗೆ ದಪ್ಪ ಪರದೆ ಎಳೆದಿದ್ದರು. ಒಳಗೆ ಒಂದು ಸಣ್ಣ ಬಲ್ಬ್ ಉರಿಯುತ್ತಿತ್ತು. ತೆಂಗಿನೆಣ್ಣೆ, ಅರಿಶಿನ ತಿಕ್ಕಿಸಿಕೊಂಡು ಮಗು ತಲೆಯಿಂದ ಪಾದದವರೆಗೆ ಹಳದಿಯಾಗಿ ಮಲಗಿತ್ತು.

"ಹಾಲು ಎಳೀತಾ ಇಲ್ಲ ಅಕ್ಕ. ಎಬ್ಬಿಸಿದ್ರೂ ಕಣ್ಣು ಬಿಡುದಿಲ್ಲ," ಎಂದು ಅಮಿತಾ ಪಿಸುಗುಟ್ಟಿದಳು.

"ಒಳ್ಳೆ ಮಗು, ಸುಮ್ಮನೆ ಮಲಗ್ತದೆ. ಅದಕ್ಕೂ ದೂರು ಹೇಳ್ತಾರಾ ಮಾರಾಯ್ತಿ?" ಎಂದರು ಗುಲಾಬಿಯಮ್ಮ.

ಕಾಮಾಲೆ ಇರಬಹುದೇ ಎಂದು ನಾನು ಮೆಲ್ಲಗೆ ಕೇಳಿದೆ. ಅರಿಶಿನ ಹಚ್ಚಿದ ಮಗು ಹಳದಿಯಾಗದೆ ಹಸಿರಾಗುತ್ತದೆಯೇ ಎಂದು ಅವರು ನಕ್ಕರು. ಹನ್ನೊಂದನೆಯ ದಿನ ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವ ತನಕ ಮಗುವನ್ನು ಹೊಸಿಲು ದಾಟಿಸುವಂತಿಲ್ಲ ಎಂದರು. ಆಸ್ಪತ್ರೆಗೆ ಹೋದರೆ ಎಳೆಯ ಹಿಮ್ಮಡಿಗೆ ಸೂಜಿ ಚುಚ್ಚುತ್ತಾರೆ ಎಂಬ ಭಯವೂ ಅವರಿಗಿತ್ತು.

ನನಗೆ ಚಿತ್ರಾ ನೆನಪಾದಳು. ಮೇಲಿನ ಮಹಡಿಯ ಇಂಜಿನಿಯರ್ ಅನಂತರಾಮು ಅವರ ಮಗಳು. ಬೆಂಗಳೂರಿನಲ್ಲಿ ಸ್ನಾತಕೋತ್ತರ ಸಂಶೋಧನೆ ಮಾಡುತ್ತಿದ್ದು, ರಜೆಗೆ ಬಂದಿದ್ದಳು. ಆ ಸಂಶೋಧನೆಗೆ ಯುವ ಸಂಶೋಧಕರ ಪ್ರಶಸ್ತಿ ಬಂದಾಗ ನಾವೆಲ್ಲ ಅವರ ಮನೆಯಲ್ಲಿ ಸಿಹಿ ತಿಂದಿದ್ದೆವು. ಏನು ಸಂಶೋಧನೆ ಎಂದು ಸರಿಯಾಗಿ ಕೇಳಿದವರು ಮಾತ್ರ ಕಡಿಮೆ. ಹಸುಗೂಸಿನ ಹಣೆಯ ಮೇಲೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕನ್ನು ಅಳೆದು, ಸೂಜಿ ಚುಚ್ಚದೆಯೇ ಕಾಮಾಲೆ ಎಷ್ಟಿದೆ ಎಂದು ತಿಳಿಯುವ ಉಪಕರಣ ಅವಳದು.

ಕರೆದ ತಕ್ಷಣ ಬಂದಳು.

"ಮದುವೆಯೇ ಆಗಲಿಲ್ಲ, ನನಗೆ ಬಾಣಂತನ ಕಲಿಸ್ಲಿಕ್ಕೆ ಬಂದಳು," ಎಂದರು ಗುಲಾಬಿಯಮ್ಮ, ಅವಳಿಗೆ ಕೇಳುವಂತೆಯೇ.

ಚಿತ್ರಾ ಬೇಸರಿಸಿಕೊಳ್ಳದೆ ನೆಲದ ಮೇಲೆ ಕುಳಿತು ತನ್ನ ಸೋಲಿನ ಕಥೆ ಹೇಳಿದಳು. ಅವಳ ಉಪಕರಣ ಮೊದಮೊದಲು ಕೆಲವು ಮಕ್ಕಳಲ್ಲಿ ತಪ್ಪು ತೋರಿಸುತ್ತಿತ್ತಂತೆ. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲದ ಮಗುವಿಗೂ ಕಾಮಾಲೆ ಎನ್ನುತ್ತಿತ್ತು. ಅಂಥ ಲೆಕ್ಕಗಳನ್ನು ಬಿಟ್ಟುಬಿಡು ಎಂದು ಜೊತೆಯವರು ಹೇಳಿದರು. ಅವಳು ಬಿಡಲಿಲ್ಲ. ಹೆರಿಗೆ ವಾರ್ಡಿಗೆ ಹೋಗಿ ತಾಯಂದಿರ ಪಕ್ಕದಲ್ಲಿ ದಿನಗಟ್ಟಲೆ ಕುಳಿತಳು. ಅಜ್ಜಿಯರು ಮನೆಯಿಂದ ಅರಿಶಿನ ತಂದು ಮಗುವಿಗೆ ಹಚ್ಚುವುದನ್ನು ಕಂಡಳು. ಅರಿಶಿನದ ಹಳದಿ ಚರ್ಮದ ಮೇಲಿರುತ್ತದೆ, ಕಾಮಾಲೆಯ ಹಳದಿ ಒಳಗಿರುತ್ತದೆ. ಎರಡೂ ಬೆಳಕನ್ನು ಒಂದೇ ರೀತಿ ನುಂಗುವುದಿಲ್ಲ. ಅವೆರಡನ್ನು ಬೇರ್ಪಡಿಸಲು ಉಪಕರಣಕ್ಕೆ ಕಲಿಸಿದ್ದಕ್ಕೇ ಅವಳಿಗೆ ಆ ಪ್ರಶಸ್ತಿ ಬಂದದ್ದು.

"ಹಾಗಾದ್ರೆ ನಿನ್ನ ಮೆಷಿನ್ ತಾ, ನೋಡುವ," ಎಂದರು ಗುಲಾಬಿಯಮ್ಮ.

"ಅದು ಕಾಲೇಜಿನಲ್ಲಿದೆ ಅಜ್ಜಿ. ಇಲ್ಲಿ ಕಿಟಕಿ ಇದೆಯಲ್ಲ, ಸಾಕು." ಅವಳು ಎದ್ದು ಪರದೆ ಸರಿಸಿದಳು. ಕೋಣೆ ಬೆಳಗಿತು. "ನೀವು ಎಲ್ಲೆಲ್ಲಿ ಅರಿಶಿನ ಹಚ್ಚಿದ್ರಿ?"

"ತಲೆಯಿಂದ ಕಾಲಿನವರೆಗೆ."

"ವಸಡಿಗೆ?"

"ವಸಡಿಗೆ ಯಾರಾದ್ರೂ ಹಚ್ತಾರಾ?"

"ಹಾಗಾದ್ರೆ ಅಲ್ಲಿ ನೋಡಿ. ಕಣ್ಣಿನ ಬಿಳಿ ಭಾಗಾನೂ ನೋಡಿ. ನಾನು ಹೇಳೋದು ಬೇಡ, ನೀವೇ ಹೇಳಿ."

ಗುಲಾಬಿಯಮ್ಮ ಕೈ ತೊಳೆದು ಬಂದರು. ಮಗುವನ್ನು ಕಿಟಕಿಯ ಬಳಿ ಹಿಡಿದು, ತುಟಿ ಬಿಡಿಸಿ, ವಸಡನ್ನು ಬೆರಳ ತುದಿಯಿಂದ ಮೆತ್ತಗೆ ಒತ್ತಿ ತೆಗೆದರು. ಮಗು ಮಿಸುಕಲಿಲ್ಲ. ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಇನ್ನೊಂದು ಕಣ್ಣನ್ನೂ ನೋಡಿದರು.

"ಒಳಗೂ ಹಳದಿ ಉಂಟು," ಎಂದರು ಕೊನೆಗೆ. ಆಮೇಲೆ ಚಿತ್ರಾಳ ಕಡೆ ತಿರುಗಿ ಕೇಳಿದರು: "ಸೂಜಿ ಚುಚ್ತಾರಲ್ಲ?"

"ಚುಚ್ತಾರೆ ಅಜ್ಜಿ. ಅದು ತಪ್ಪಲಿ ಅಂತಾನೇ ನಾನು ಇಷ್ಟು ದಿನ ಕೆಲಸ ಮಾಡ್ತಿರೋದು. ಆದರೆ ಇವತ್ತು ಚುಚ್ಚಲೇಬೇಕು."

"ರೋಹಿದಾಸನಿಗೆ ಫೋನ್ ಮಾಡು ಅಮಿತಾ. ಈಗಲೇ ಬರ್ಲಿ," ಎಂದರು ಗುಲಾಬಿಯಮ್ಮ.

ಅಮೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮಗುವನ್ನು ಎತ್ತಿಕೊಂಡು ಹೊಸಿಲು ದಾಟಿದವರು ಗುಲಾಬಿಯಮ್ಮನೇ.

ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಕಾಮಾಲೆ ಇನ್ನಷ್ಟು ಏರಿದ್ದರೆ ಮಿದುಳಿಗೆ ಪೆಟ್ಟಾಗುತ್ತಿತ್ತು, ಕಿವಿ ಕೇಳದೆ ಹೋಗಬಹುದಿತ್ತು ಎಂದರು ಡಾಕ್ಟರು. ಕೆಲವೇ ದಿನಗಳಲ್ಲಿ ಮಗು ಹಾಲಿಗಾಗಿ ಕಿರುಚತೊಡಗಿತು.

ತಾಯಂದಿರೇ, ಅಜ್ಜಿಯರೇ, ಎಳೆಯ ಮಗುವಿಗೆ ಅರಿಶಿನ ಹಚ್ಚಬೇಡಿ. ದಿನಕ್ಕೊಮ್ಮೆ ಪರದೆ ಸರಿಸಿ, ಹಗಲ ಬೆಳಕಿನಲ್ಲಿ ಮಗುವಿನ ಕಣ್ಣು, ವಸಡು ನೋಡಿ. ಅಲ್ಲಿ ಹಳದಿ ಕಂಡರೆ, ಅಥವಾ ಮಗು ಹಾಲು ಬಿಟ್ಟು ಎಬ್ಬಿಸಿದರೂ ಏಳದಿದ್ದರೆ, ಹನ್ನೊಂದನೆಯ ದಿನಕ್ಕೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ. ಚಿತ್ರಾಳ ಉಪಕರಣ ಎಲ್ಲ ಊರಿಗೂ ಬರುವ ದಿನ ಬರಲಿ. ಅಲ್ಲಿಯವರೆಗೆ ನಮ್ಮ ಕಿಟಕಿ ನಮ್ಮ ಕೈಯಲ್ಲಿದೆ.

ಇದನ್ನು ಬರೆಯಲು ಅಮಿತಾ ಒಪ್ಪಿದ್ದು ಹೆಸರುಗಳನ್ನೆಲ್ಲ ಬದಲಿಸುವ ಷರತ್ತಿನ ಮೇಲೆ. ಮಗು ಮನೆಗೆ ಬಂದ ದಿನ ಊರಿನಿಂದ ಅವಳ ಮಾವ ಫೋನ್ ಮಾಡಿದ್ದರು. ಕಾಮಾಲೆಯನ್ನು ಮೊದಲು ಕಂಡವರು ಯಾರು ಎಂದು ಕೇಳಿದರು. ಗುಲಾಬಿಯಮ್ಮ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು.

"ಅತ್ತೆಯೇ ನೋಡಿದ್ದು ಮಾವ. ವಸಡು ಒತ್ತಿ ನೋಡಿದ್ರು," ಎಂದಳು ಅಮಿತಾ. ಅದು ಸುಳ್ಳಲ್ಲ. ಉಳಿದದ್ದನ್ನು ಊರಿನಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ತೀರ್ಮಾನಿಸಿದ್ದಳು.