ಕಾಲರಿನ ಅರ್ಧ ಇಂಚು

ಕ್ರಿಸ್‌ಮಸ್‌ಗೆ ಇನ್ನು ಮೂರೇ ದಿನ. ದರ್ಜಿಯಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ, ಕುರ್ಚಿಯ ಮೇಲೆ, ಬಾಗಿಲ ಹಿಂದಿನ ಮೊಳೆಗಳಲ್ಲಿ, ಎಲ್ಲೆಲ್ಲೂ ಚರ್ಚಿನ ಹಾಡುಗಾರರ ಬಿಳಿ ನಿಲುವಂಗಿಗಳು. ಹದಿನಾಲ್ಕರಲ್ಲಿ ಹದಿಮೂರಕ್ಕೆ ಇಸ್ತ್ರಿಯೂ ಆಗಿತ್ತು. ಉಳಿದದ್ದು ಒಂದು, ನರ್ಸಮ್ಮನದು. ಅದನ್ನು ಬೇಕೆಂದೇ ಕೊನೆಗೆ ತಳ್ಳಿದ್ದಳು.

"ಅದೊಂದು ಮುಗಿಸಿಬಿಡೇ. ನನಗೂ ಕೂತ್ಕೊಳ್ಳೋಕೆ ಒಂದು ಕುರ್ಚಿ ಸಿಗುತ್ತೆ," ಎಂದ ಗಂಡ, ನಿಂತೇ ಚಹಾ ಕುಡಿಯುತ್ತ.

"ನಿಂತ್ರೆ ನಿಮ್ಮ ಕಾಲೇನೂ ಸವೆದುಹೋಗಲ್ಲ."

ಎರಡು ವಾರದಿಂದ ಮನೆಯಲ್ಲಿ ಇದೇ ರಾಗ. ಹನ್ನೆರಡು ವರ್ಷಗಳಿಂದ ಹಬ್ಬದ ಬೆಳಗಿನ ಆರಾಧನೆಯಲ್ಲಿ ಒಬ್ಬರೇ ನಿಂತು ಹಾಡುವ ಹಾಡು ದರ್ಜಿಯಕ್ಕನದೇ ಆಗಿತ್ತು. ಈ ಸಲ ಹಾಡಿನ ಮೇಷ್ಟ್ರು ಅದನ್ನು, ಅವರ ಬೀದಿಗೆ ಮನೆ ಮಾಡಿಕೊಂಡು ಬಂದು ಆರು ತಿಂಗಳೂ ಆಗದ ನರ್ಸಮ್ಮನಿಗೆ ಕೊಟ್ಟಿದ್ದರು. "ಒಂದು ಸಲ ಬೇರೆಯವರೂ ಹಾಡ್ಲಿ ಅಲ್ವೇನಮ್ಮ?" ಎಂದಾಗ, "ಅದಕ್ಕೇನಂತೆ ಮೇಷ್ಟ್ರೇ," ಎಂದು ನಕ್ಕಿದ್ದಳು. ಮನೆ ತಲುಪುವಷ್ಟರಲ್ಲಿ ಹೊಟ್ಟೆ ಧಗಧಗ ಉರಿಯುತ್ತಿತ್ತು. ನರ್ಸಮ್ಮನ ದನಿ ಕೆಟ್ಟದಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಚೆನ್ನಾಗಿತ್ತು, ಅದೇ ಕಷ್ಟ.

ಕೊನೆಗೂ ಬಟ್ಟೆ ಕತ್ತರಿಸಲು ಕೂತಳು. ಕತ್ತಿನ ಅಳತೆಗೆ ಅರ್ಧ ಇಂಚು ಸಡಿಲ ಸೇರಿಸಿ ಕಾಲರ್ ಹೊಲಿಯುವುದು ವಾಡಿಕೆ. ಹದಿಮೂರಕ್ಕೂ ಹಾಗೇ ಮಾಡಿದ್ದಳು. ಇದಕ್ಕೆ ಮಾತ್ರ ಸೇರಿಸಲಿಲ್ಲ. ಸುಮ್ಮನೆ ನಿಂತಾಗ ಗೊತ್ತಾಗದು. ಎತ್ತರದ ಸ್ವರಕ್ಕೆ ಉಸಿರು ತುಂಬಿಕೊಳ್ಳುವಾಗ ಗಂಟಲು ಹಿಡಿದೀತು. ‘ಅಳತೆಗೆ ಸರಿಯಾಗೇ ಹೊಲಿದಿದ್ದೀನಿ, ಕಡಿಮೆಯೇನೂ ಮಾಡಿಲ್ಲ’ ಎಂದು ತನಗೆ ತಾನೇ ಹೇಳಿಕೊಂಡು ಗುಂಡಿ ಹಾಕಿದಳು.

ಮರುದಿನ ಸಂಜೆ ನರ್ಸಮ್ಮ ಡ್ಯೂಟಿ ಮುಗಿಸಿ ನೇರ ಬಂದಳು. ನಿಲುವಂಗಿ ತೊಟ್ಟು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು.

"ಎಷ್ಟು ಚೆನ್ನಾಗಿದೆ! ಅಕ್ಕ, ಒಂದು ಮಾತು ಕೇಳ್ಲಾ? ನನ್ನ ಮೇಲೆ ಕೋಪನಾ?"

"ನನಗ್ಯಾಕೆ ಕೋಪ?"

"ನಾನಾಗಿದ್ರೆ ಖಂಡಿತ ಬರ್ತಿತ್ತು. ಹಾಡು ಬಿಟ್ಟುಕೊಡ್ತೀನಿ ಅಂತ ಹೇಳೋಕೆ ಬಂದಿಲ್ಲ ಅಕ್ಕ, ನನಗೂ ಆಸೆ ಇದೆ. ಹಬ್ಬದ ದಿನ ಚರ್ಚಿಗೆ ಹೋಗಿ ಆರು ವರ್ಷ ಆಯ್ತು. ಮಕ್ಕಳಿರೋರಿಗೆ ರಜೆ ಸಿಗಲಿ ಅಂತ ನಾನೇ ಡ್ಯೂಟಿ ಹಾಕಿಸ್ಕೊಳ್ತಿದ್ದೆ. ಹೋದ ವರ್ಷ ಒಬ್ಬರು ಅಜ್ಜಿಗೆ ಔಷಧಿ ಕುಡಿಸ್ತಿದ್ದೆ. ‘ಇವತ್ತು ಹಬ್ಬ ಅಲ್ವೇನೇ, ಒಂದು ಹಾಡು ಹೇಳು’ ಅಂದ್ರು. ಔಷಧಿ ಬಟ್ಟಲು ಕೈಲಿಟ್ಕೊಂಡೇ ಹಾಡಿದೆ. ಅರ್ಧ ವಾರ್ಡು ಕೆಮ್ತಿತ್ತು, ಇನ್ನರ್ಧ ಗೊರಕೆ!" ನರ್ಸಮ್ಮ ನಕ್ಕಳು. ಮತ್ತೆ ದನಿ ತಗ್ಗಿಸಿದಳು. "ಆದ್ರೆ ಆಗ ಅನ್ನಿಸ್ತು, ದೇವರ ಮಗ ಹುಟ್ಟಿದ್ದೂ ಇಂಥ ಕಡೇಲೇ ಅಲ್ವಾ ಅಂತ."

ದರ್ಜಿಯಕ್ಕ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಆ ಮೂರನೇ ಸಾಲಿದೆಯಲ್ಲ ಅಕ್ಕ, ಎಲ್ಲಿ ಉಸಿರು ತಗೋಬೇಕು ಅನ್ನೋದು ನಿಮಗೊಬ್ಬರಿಗೇ ಗೊತ್ತು ಅಂದ್ರು ಮೇಷ್ಟ್ರು. ಹೇಳ್ಕೊಡ್ತೀರಾ?"

ಮೂರನೇ ಸಾಲು. ಎಲ್ಲಿ ಉಸಿರೆಳೆಯಬೇಕು, ಆಗ ಯಾವ ಬೆಂಚಿನವರು ತಲೆಯೆತ್ತಿ ನೋಡುತ್ತಾರೆ, ಎಲ್ಲವೂ ದರ್ಜಿಯಕ್ಕನಿಗೆ ಬಾಯಿಪಾಠ. ಆ ಸಾಲಿನ ಅರ್ಥವನ್ನು ಮಾತ್ರ ಯಾವತ್ತೂ ಯೋಚಿಸಿದ ನೆನಪಿಲ್ಲ.

"ಮೊದಲು ಆ ಅಂಗಿ ತೆಗಿ," ಎಂದಳು.

"ಯಾಕಕ್ಕ? ಸರಿಯಾಗಿದೆಯಲ್ಲ."

"ಸರಿಯಾಗಿಲ್ಲ. ಕಾಲರಿಗೆ ಅರ್ಧ ಇಂಚು ಸಡಿಲ ಬಿಡಬೇಕಿತ್ತು. ಬಿಟ್ಟಿಲ್ಲ."

"ಅಯ್ಯೋ, ಮರೆತುಹೋಯ್ತಾ? ಇಷ್ಟೊಂದು ಕೆಲಸದಲ್ಲಿ..."

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. "ಮರೆತಿಲ್ಲ," ಎಂದಳು ದರ್ಜಿಯಕ್ಕ. "ಬೇಕಂತಲೇ ಹೊಲಿದೆ. ಹಾಡುವಾಗ ನಿನಗೆ ಉಸಿರು ಸಿಗಬಾರದು ಅಂತ."

ನರ್ಸಮ್ಮನ ಮುಖ ಸಪ್ಪಗಾಯಿತು. ನಿಲುವಂಗಿ ತೆಗೆದು ಮೇಜಿನ ಮೇಲಿಟ್ಟಳು. ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೂ ಹೋದಳು. ಹೊಸಿಲಲ್ಲಿ ತುಸು ಹೊತ್ತು ನಿಂತು, ಹಿಂದಿರುಗಿ ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕೂತಳು.

"ಬಿಚ್ಚಿ ಬೇರೆ ಹಾಕಿ. ಕೂತಿರ್ತೀನಿ," ಎಂದಳು. ದನಿ ಇನ್ನೂ ಬಿಗಿಯಾಗಿಯೇ ಇತ್ತು. "ಆ ಸಾಲೂ ಹೇಳ್ಕೊಡಿ."

ದರ್ಜಿಯಕ್ಕ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸುತ್ತ ಮೆಲ್ಲಗೆ ಹಾಡಿ ತೋರಿಸಿದಳು. ಹೊಸ ಕಾಲರ್ ಹಾಕಿ ಮುಗಿಸುವ ಹೊತ್ತಿಗೆ ನರ್ಸಮ್ಮನಿಗೆ ಸಾಲು ಕೂತಿತ್ತು.

ಹಬ್ಬದ ಬೆಳಿಗ್ಗೆ ನರ್ಸಮ್ಮ ಹಾಡಿದಳು. ಮೂರನೇ ಸಾಲಿನಲ್ಲಿ, ಹೇಳಿಕೊಟ್ಟ ಜಾಗದಲ್ಲಿ ಅಲ್ಲ, ಒಂದು ಪದ ದಾಟಿ ಉಸಿರು ತೆಗೆದುಕೊಂಡಳು. ಅದು ಇನ್ನೂ ಚೆನ್ನಾಗಿ ಕೇಳಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ದರ್ಜಿಯಕ್ಕನ ಎದೆ ಚುರ್ ಎಂದಿತು. ಇಲ್ಲವೆಂದರೆ ಸುಳ್ಳಾದೀತು. ಆದರೆ ತನ್ನ ಸರದಿಗೆ ಕಾಯುವ ಗಡಿಬಿಡಿ ಇರಲಿಲ್ಲವಾದ್ದರಿಂದ ಮಾತುಗಳು ಕಿವಿಗೆ ಬಿದ್ದವು: ಬಸುರಿಯೊಬ್ಬಳು ಮನೆಮನೆಯ ಬಾಗಿಲು ತಟ್ಟಿದ್ದು, ಯಾರೂ ಒಳಗೆ ಕರೆಯದಿದ್ದದ್ದು, ದನಕರುಗಳು ಜಾಗ ಕೊಟ್ಟದ್ದು. ಇಷ್ಟು ದಿನ ತಾನೇ ಹಾಡಿದ್ದ ಸುದ್ದಿ ಅದು. ಅವಳ ಕಣ್ಣು ಮಂಜಾಯಿತು.

ಆರಾಧನೆ ಮುಗಿದಾಗ ಜನ ಬಾಗಿಲ ಬಳಿ ನರ್ಸಮ್ಮನನ್ನು ಮುತ್ತಿಕೊಂಡರು. ಪ್ರತಿ ವರ್ಷ ಅಲ್ಲಿ ನಿಂತು ಹೊಗಳಿಕೆ ಬಾಚಿಕೊಳ್ಳುತ್ತಿದ್ದವಳು ದರ್ಜಿಯಕ್ಕ. ಇವತ್ತು ಅವಳಿಗಾಗಿ ಯಾರೂ ಕಾಯುತ್ತಿರಲಿಲ್ಲ. ಆ ಗುಂಪಿನೊಳಗೆ ನುಗ್ಗಿ ನರ್ಸಮ್ಮನ ಕೈ ಅದುಮಿ, "ನಾನು ಹೇಳಿಕೊಟ್ಟಿದ್ದಕ್ಕಿಂತ ಚೆನ್ನಾಗಿತ್ತು ಕಣೇ," ಎಂದವಳೇ ಹಿಂದಿರುಗಿ, ಪಕ್ಕದ ಮೂಲೆಯಲ್ಲಿ ಹುಲ್ಲಿನ ಮೇಲೆ ಮಗುವಿನ ಬೊಂಬೆ ಮಲಗಿಸಿದ್ದ ಗೋದಲಿಯ ಮುಂದೆ ಮಂಡಿಯೂರಿದಳು.

ಗಂಡ ಹುಡುಕಿಕೊಂಡು ಬಂದ. "ಇದೇನೇ ಇಲ್ಲಿ? ಮನೆಗೆ ಹೋಗಲ್ವಾ?"

"ತಡೀರಿ," ಎಂದಳು, ಕಣ್ಣು ಕೀಳದೆ. "ಹನ್ನೆರಡು ವರ್ಷದಿಂದ ಹಬ್ಬಕ್ಕೆ ಬರ್ತಿದ್ದೀನಿ. ಮಗೂನ ಇನ್ನೂ ನೋಡೇ ಇಲ್ಲ."