ಜೂನ್ ಒಂದರಂದು ಹುಟ್ಟಿದವರು

ಹಾಲು, ಬರೀ ಹಾಲು, ದಿನದರ್ಶಿಕೆಯ ಜೂನ್ ಒಂದರ ಚೌಕದಲ್ಲಿ ವಿಶ್ವ ಹಾಲು ದಿನ ಅಂತ ನೀಲಿ ಅಕ್ಷರ, ಅದರ ಕೆಳಗೆ ಆಸ್ಟ್ರೇಲಿಯಾದಲ್ಲಿ ಚಳಿಗಾಲದ ಆರಂಭ, ಅದರ ಕೆಳಗೆ ಏನೂ ಇಲ್ಲ, ಎರಡು ಹಾಳೆ ಅಂಟಿಕೊಂಡಿರಬಹುದು ಅಂತ ಮತ್ತೆ ಉಗುರಿನಿಂದ ಕೆರೆದು ನೋಡುತ್ತೇನೆ, ಇಲ್ಲ, ಸರಸ್ವತಿ ಅನ್ನುವ ಹೆಸರಿಲ್ಲ, ಹಾಲಿಗೆ ಒಂದು ದಿನ ಇದೆ ನನಗಿಲ್ಲ — ಇದನ್ನು ನೋಡುವುದಕ್ಕೆ ಮುಂಜಾನೆಯ ವಿಮಾನ ಹತ್ತಿ ಮೆಲ್ಬರ್ನ್‌ನಿಂದ ಸಿಡ್ನಿಗೆ ಬಂದು, ಈ ರೌಸ್ ಹಿಲ್‌ನ ಹಾಲ್‌ನಲ್ಲಿ ಮೂರನೇ ಸಾಲಿನ ಕುರ್ಚಿಯಲ್ಲಿ, ತೊಡೆಯ ಮೇಲೆ ಹಳೇ ಗ್ಲೋವ್ ಇಟ್ಟುಕೊಂಡು ಕೂತಿದ್ದೇನೆ, ಮಹತಿಯೇ ಫೋನ್ ಮಾಡಿದ್ದು, ಸರಸು ಕೇಳಿಲ್ಲಿ, ನಮ್ಮ ಕನ್ನಡ ಸಂಘದ ಎರಡು ಸಾವಿರದ ಒಂಬತ್ತರ ದಿನದರ್ಶಿಕೆ ನಾನೇ ಎಡಿಟ್ ಮಾಡ್ತಿದೀನಿ, ದಿನಕ್ಕೊಂದು ವಿಶೇಷ, ಜೊತೆಗೆ ಇಲ್ಲಿ ಏನಾದ್ರೂ ಸಾಧಿಸಿದ ನಮ್ಮೋರ ಹುಟ್ಟುಹಬ್ಬ, ಜೂನ್ ಒಂದು ನಿಂದು ಕಣೇ, ಎಂಟು ಸೀಸನ್ ಬೇಸ್‌ಬಾಲ್ ಕ್ಯಾಚರ್, ನನ್ನ ಚೆಂಡು ಹಿಡಿದೋಳು ಅಂತ ಬರೀತೀನಿ, ಬಿಡುಗಡೆಗೆ ಬರಲೇಬೇಕು, ಗ್ಲೋವ್ ತಗೊಂಡು ಬಾ, ಅಂತ ಅವಳೇ, ಅವಳ ಬಾಯಲ್ಲೇ — ಆಗಸ್ಟ್ ತಿರುವಿದರೆ ಒಂಬತ್ತನೇ ತಾರೀಕು ಅವಳದು, ಮಹತಿ, ಚೆಂಡೆಸೆಯುವ ಬೇಸ್‌ಬಾಲ್ ಪಿಚರ್, ರೋಹಿಣಿ ನಕ್ಷತ್ರ, ಎಲ್ಲರ ಹೆಸರಿನ ಮುಂದೂ ಒಂದೊಂದು ನಕ್ಷತ್ರ, ಸ್ವಾತಿ, ಪುಷ್ಯ, ಮಖಾ, ಸಾಧನೆ ಅಂದರೆ ಮೊದಲು ಆಕಾಶದಲ್ಲಿ ಜಾಗ ಹಿಡಿದಿರಬೇಕೇನೋ.

ಮತ್ತೆ ಮಾರ್ಚ್ ಹದಿನಾಲ್ಕು, ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಇತಿಹಾಸದಲ್ಲಿ ಈ ದಿನ, ೨೦೦೪, ಮೆಲ್ಬರ್ನ್‌ನ ಮಹಿಳಾ ಬೇಸ್‌ಬಾಲ್ ಫೈನಲ್‌ನಲ್ಲಿ ನಮ್ಮ ಮಹತಿ ಹನ್ನೊಂದು ಆಟಗಾರ್ತಿಯರನ್ನು ಔಟ್ ಮಾಡಿದರು, ಹೌದು ಮಾಡಿದಳು, ಯಾರಿಗೆ ಎಸೆದು ಮಾಡಿದಳು, ಗೋಡೆಗಾ, ಬ್ಯಾಟ್ ಹಿಡಿದವಳ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಎರಡೂವರೆ ತಾಸು ಕೂತವಳು ನಾನು, ಯಾವ ಚೆಂಡು ಎಸೆಯಬೇಕು ಅಂತ ತೊಡೆಗಳ ನಡುವೆ ಬಲಗೈ ಬೆರಳು ತೋರಿಸಿದವಳು ನಾನು, ಒಂದು ಬೆರಳು ಅಂದರೆ ನೇರ, ಎರಡು ಅಂದರೆ ತಿರುವು, ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಬ್ಯಾಟಿನ ಅಂಚು ಸವರಿ ಬಂದ ಚೆಂಡು ಆ ಬಲಗೈಯ ಹೆಬ್ಬೆರಳಿಗೇ ಬಡಿದು ಚಟ್ ಅಂದಾಗ ಕೋಚ್ ಓಡಿ ಬಂದ, ಮಹತಿ ಅವನಿಗಿಂತ ಮುಂಚೆ ಬಂದಳು, ಸರಸು ನೀನು ಎದ್ದು ಹೋದ್ರೆ ನನ್ನ ಕೈಲಾಗಲ್ಲ, ಪ್ಲೀಸ್ ಕಣೇ, ನಾನು ಏಳಲಿಲ್ಲ, ಹೆಬ್ಬೆರಳು ಬದನೆಕಾಯಿಯಾದರೂ ಉಳಿದ ಬೆರಳುಗಳಿಂದ ಹೇಳುತ್ತಲೇ ಹೋದೆ, ಧಾರವಾಡದ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡುವಾಗಲೂ ಅಷ್ಟೇ, ಮಾಸ್ಕ್ ಹಾಕಿಕೊಂಡು ಕೂರುವ ಕೆಲಸ ಯಾರಿಗೂ ಬೇಡ, ಹಾಸ್ಟೆಲ್ ಹುಡುಗಿಯನ್ನು ಕೂರಿಸಿ ಅಂದರು, ಕೂತೆ, ಕೂತು ಕೂತು ಅದನ್ನೇ ಕಲಿತೆ, ಮೆಲ್ಬರ್ನ್‌ಗೆ ನರ್ಸ್ ಆಗಿ ಬಂದ ಮೇಲೂ ವಾರವೆಲ್ಲ ರಾತ್ರಿ ಪಾಳಿ ಮುಗಿಸಿ ಭಾನುವಾರ ಮಂಡಿಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ.

ಆ ಫೈನಲ್‌ನ ಸಂಜೆಯೇ ನಾನು ಅವಳಿಗೆ ಹೇಳಿದ್ದು, ಆಸ್ಪತ್ರೆಯಲ್ಲಿ ಎಕ್ಸ್-ರೇ ಫಾರ್ಮಿನಲ್ಲಿ ಅವಳೇ ನನ್ನ ಹುಟ್ಟಿದ ದಿನ ತುಂಬುತ್ತಿದ್ದಳು, ಜೂನ್ ಒಂದಾ, ಏನೇ ಇದು, ನಿಮ್ಮಣ್ಣಂದೂ ಜೂನ್ ಒಂದು ಅಂದಿದ್ದೆಯಲ್ಲ, ನಗು ಬಂತು, ನೋವಲ್ಲೂ ನಗು, ನಮ್ಮ ಓಣಿಯಲ್ಲಿ ಎಲ್ಲರೂ ಜೂನ್ ಒಂದೇ ಮಹತಿ, ಪಂಚಾಂಗ ನೋಡಿ ಬರೆಯುವವರು ನಮ್ಮ ಓಣಿಗೆ ಕಾಲಿಡುತ್ತಿರಲಿಲ್ಲ, ಶಾಲೆಗೆ ಸೇರಿಸುವಾಗ ಈರಯ್ಯ ಮಾಸ್ತರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಜೂನ್ ಒಂದು ಅಂತ ಬರಕೊಂಡರು, ಅವ್ವನನ್ನು ಕೇಳಿದರೆ ಜ್ವಾಳ ಕೊಯ್ಯೂ ಎರಡನೇ ದಿನ ಹುಟ್ಟೀದಿ, ಮಟಮಟ ಮಧ್ಯಾಹ್ನ, ಕುಡಗೋಲಿಲೇ ಹೊಕ್ಕಳಬಳ್ಳಿ ಕೊಯ್ದಿವಿ ಅನ್ನುತ್ತಾಳೆ, ಇದನ್ನು ನಾನು ಯಾರಿಗೂ ಹೇಳಿಲ್ಲ ಅಂದೆ, ಅವಳು ಕಣ್ಣೊರೆಸಿಕೊಂಡಳು, ಯಾರಿಗೂ ಹೇಳಲ್ಲ ಸರಸು, ಇನ್ನು ಪ್ರತಿ ಜೂನ್ ಒಂದಕ್ಕೂ ನಾನೇ ಕೇಕ್ ತರ್ತೀನಿ — ತಂದಳು ಕೂಡ, ಮದುವೆಯಾಗಿ ಸಿಡ್ನಿಗೆ ಹೋಗುವ ತನಕ.

ಹತ್ತು ನಿಮಿಷದ ಹಿಂದೆ ಕಾಫಿ ಮೇಜಿನ ಹತ್ತಿರ ಹಿಡಿದು ನಿಲ್ಲಿಸಿ ಕೇಳಿದೆ, ಜೂನ್ ಒಂದು ಎಲ್ಲಿ ಮಹತಿ, ಅಯ್ಯೋ ಸಾರಿ ಸಾರಿ, ಫೋನ್ ಮಾಡೋಣ ಅಂತಿದ್ದೆ, ಚಂದ್ರಮೋಹನ್ ಅಂಕಲ್ ಎಲ್ಲರ ನಕ್ಷತ್ರ ಕೇಳಿದ್ರು, ನಿಂದು ಗೊತ್ತಿಲ್ಲ ಅಂದೆ, ಯಾಕೆ ಅಂದ್ರು, ಹೇಳಿದೆ, ಏನು ಹೇಳಿದೆ ಅಂತ ಕೇಳಿದೆ, ಅದೇ ಕಣೇ, ಸ್ಕೂಲಲ್ಲಿ ಸುಮ್ನೆ ಹಾಕಿದ ಡೇಟು ಅಂತ, ನಿಮ್ಮ ಕಡೆಯೋರಿಗೆ ಬರೆದಿಡೋ ಪದ್ಧತಿ ಇಲ್ಲ ಅಂತ, ಸುಳ್ಳು ಡೇಟ್ ಪ್ರಿಂಟ್ ಮಾಡೋದು ಸರಿಯಲ್ಲ ಅಂದ್ರು, ಬಿಡು, ಜಸ್ಟ್ ಒಂದು ಡೇಟ್ ತಾನೇ ಅಂದಳು, ನಿಮ್ಮ ಕಡೆಯೋರಿಗೆ ಅಂತಲೂ ಅಂದಳು, ಐದು ವರ್ಷದ ಕೆಳಗೆ ಕಣ್ಣೊರೆಸಿಕೊಂಡವಳು, ಸುಳ್ಳಂತೆ, ಆ ಸುಳ್ಳು ತಾರೀಕಿಗೆ ಈ ದೇಶ ವೀಸಾ ಕೊಟ್ಟಿದೆ, ಖಾಯಂ ಇರುವುದಕ್ಕೆ ಪಿಆರ್ ಕೊಟ್ಟಿದೆ, ಹೆಬ್ಬೆರಳಿನ ಎಕ್ಸ್-ರೇ ಮೇಲೂ ಅದೇ ತಾರೀಕು, ಮುರಿದ ಮೂಳೆಯೂ ಸುಳ್ಳೇ ಹಾಗಾದರೆ —

ವೇದಿಕೆಯ ಮೇಲೆ ಸಂಘದ ಅಧ್ಯಕ್ಷರು, ಮೈಸೂರಿನ ನಿವೃತ್ತ ಪ್ರೊಫೆಸರು, ಅದೇ ಚಂದ್ರಮೋಹನ್ ಅಂಕಲ್, ನಮ್ಮ ಮಹತಿಯವರ ಚೆಂಡು ಹಿಡೀತಿದ್ದ ಗೆಳತಿಯೂ ಇಲ್ಲೇ ಇದ್ದಾರಂತೆ, ಬನ್ನಿ ತಾಯಿ, ಮುದುಕರಿಗೆ ಒಂದು ಡೆಮೊ ತೋರಿಸಿ, ಕಿಟಕಿ ಗಾಜು ಮಾತ್ರ ಒಡೀಬೇಡಿ, ನಗು, ಚಪ್ಪಾಳೆ, ನಾನು ಯಾಕೆ ಎದ್ದೆ, ಕರೆದಾಗ ಏಳುವುದು ಈ ಕಾಲಿಗೆ ಅಭ್ಯಾಸ, ಗ್ಲೋವ್ ತೊಟ್ಟು ವೇದಿಕೆಯ ಈ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಾಗಿದೆ, ಮಂಡಿ ಎರಡೂ ಲಟಲಟ, ಆ ತುದಿಯಲ್ಲಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಮಹತಿ, ಕೈಯಲ್ಲಿ ರಬ್ಬರ್ ಚೆಂಡು, ಮೈಕಿನಲ್ಲಿ ಹೇಳುತ್ತಿದ್ದಾಳೆ, ಸರಸು ಬೆರಳು ತೋರಿಸದೆ ನಾನು ಒಂದು ಚೆಂಡೂ ಎಸೆದೋಳಲ್ಲ, ಚಪ್ಪಾಳೆ, ಬಾಯಲ್ಲಿ ಹೇಳುವುದಕ್ಕೆ ನಕ್ಷತ್ರ ಬೇಡ ನೋಡು, ಅಚ್ಚಾಗುವುದಕ್ಕೆ ಬೇಕು, ಅವಳು ಬಗ್ಗುತ್ತಾಳೆ, ನನ್ನ ಬಲಗೈ ನೋಡುತ್ತಾಳೆ, ಒಂದಾ ಎರಡಾ, ನೇರವಾ ತಿರುವಾ, ಹೂಂ ಎಸೀರಿ ಮಹತಿ ಅನ್ನುತ್ತಾರೆ ಅಂಕಲ್, ತಾಳಿ ಅಂಕಲ್ ಸರಸು ಬೆರಳಿನ ಸೈನ್ ಬರ್ಲಿ ಅನ್ನುತ್ತಾಳೆ ನಗುತ್ತಾ, ನಗು ಸ್ವಲ್ಪ ಇಳಿಯುತ್ತದೆ, ತೊಡೆಗಳ ನಡುವೆ ನನ್ನ ಮುಷ್ಟಿ, ಕಟ್ಟಿದ ಮುಷ್ಟಿ, ಅವಳ ತುಟಿ ಅಲುಗುತ್ತದೆ, ಸರಸು ಪ್ಲೀಸ್, ಮುಷ್ಟಿ, ಅವಳು ಇನ್ನೂ ಬಗ್ಗುತ್ತಾಳೆ, ಚೆಂಡು ಅವಳ ಕೈಯಲ್ಲೇ, ಮುಷ್ಟಿ, ಅವಳ ಕಣ್ಣು ನನ್ನ ಮುಷ್ಟಿಯ ಮೇಲೆ, ಮುಷ್ಟಿ