ಬಿಜಲಿಯ ಎಡಗಿವಿ

ಅಮರೇಶಪ್ಪ ನಾಯಿಯ ಮೈ ಒರೆಸುವುದನ್ನು ನೋಡಿದವರು, ಈತ ಪೂಜೆಗೆ ಕೂತಿದ್ದಾನೋ ಏನೋ ಎಂದುಕೊಳ್ಳಬೇಕು. ಕಿವಿಯ ಒಳಮಡಿಕೆ, ಉಗುರಿನ ಸಂದು, ಬಾಲದ ತುದಿ, ಒಂದನ್ನೂ ಬಿಡುತ್ತಿರಲಿಲ್ಲ. ಅದು ಮುಧೋಳದ ಕಡೆಯ ಬೇಟೆನಾಯಿ. ಹಾಲಿಗೆ ಚಿಟಿಕೆ ಅರಿಸಿನ ಬಿದ್ದಂಥ ಬಣ್ಣ. ತೆಲುಗು ಸೀಮೆಯ ಬಾಲಾನಗರದ ಎರಡು ಕೋಣೆಯ ಮನೆಗೆ ಅದು ಮರಿಯಾಗಿ ಬಂದ ದಿನ ಹೋಗಿದ್ದ ಕರೆಂಟು ಬಂದಿತ್ತೆಂದು ಹೆಂಡತಿ ಉಮಾಬಾಯಿ ಅದಕ್ಕೆ ಬಿಜಲಿ ಎಂದು ಹೆಸರಿಟ್ಟಿದ್ದಳು.

"ಹೋದ ವಾರ ನನ್ನ ಕೈ ಸುಡ್ತು. ಹಿಂಗ ಒಮ್ಮೆರೆ ಹಿಡಿದು ನೋಡಿದ್ರೇನು?" ಎಂದಳು ಆ ಭಾನುವಾರ ಬೆಳಿಗ್ಗೆ.

"ನಿನಗ ಬಾಯಿ ಐತಿ, ಊರಿಗೆಲ್ಲಾ ಕೇಳೂ ಹಂಗ ಹೇಳ್ತಿ. ಇದು ಹೇಳಂಗಿಲ್ಲ. ನಾನ ನೋಡಬೇಕು."

"ನೋಡ್ರಿ, ನೋಡ್ರಿ. ಒಂದು ಗೀರು ಬಿದ್ರ ನೀವ ಬ್ಯಾಂಡೇಜ್ ಸುತ್ಕೊಂಡು ಕೂಡವರು."

ಅವಳ ಮಾತು ಸುಳ್ಳಲ್ಲ. ನಾಲ್ಕು ವರ್ಷದ ಬಿಜಲಿಯ ಮೈಮೇಲೆ ಒಂದು ಗಾಯದ ಗುರುತು ಇರಲಿಲ್ಲ. ಆ ಹೆಮ್ಮೆಯನ್ನು ಅಮರೇಶಪ್ಪ ಯಾರ ಮುಂದೆಯೂ ಮುಚ್ಚಿಟ್ಟವನಲ್ಲ.

ಅವನದು ಜನರೇಟರ್ ರಿಪೇರಿಯ ಕೆಲಸ. ಎರಡು ಸಾವಿರದ ಏಳನೆಯ ಇಸವಿ. ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಒಂದೊಂದು ಕಟ್ಟಡದ ಹಿಂದೆಯೂ ಆನೆಯಂಥ ಜನರೇಟರ್. ಬೀದರ್, ಕರ್ನೂಲು, ನಿಜಾಮಾಬಾದ್‌ಗಳಿಂದಲೂ ಕರೆ ಬರುತ್ತಿತ್ತು. ಎಲ್ಲಿಗೆ ಹೋದರೂ ವ್ಯಾನಿನ ಹಿಂದಿನ ಸೀಟಿನಲ್ಲಿ ಬಿಜಲಿ. ಒಮ್ಮೆ ಮಾದಾಪುರದ ಮ್ಯಾನೇಜರ್ ವಾಸುದೇವ ತನ್ನ ಹಳೆಯ ಜಿಪಿಎಸ್ ಯಂತ್ರವೊಂದನ್ನು ಅಮರೇಶಪ್ಪನಿಗೆ ಕೊಟ್ಟು ಒಂದು ಆಟ ಕಲಿಸಿಕೊಟ್ಟ. ಯಾರೋ ಒಂದು ಡಬ್ಬಿಯನ್ನು ಬಯಲಲ್ಲಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿರುತ್ತಾರೆ. ಹುಡುಕಿದವನು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಒಂದು ವಸ್ತು ತೆಗೆದುಕೊಂಡು ಒಂದನ್ನು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಮುಚ್ಚಿ ಬರಬೇಕು. ಅಷ್ಟೇ ಆಟ. ಯಂತ್ರ ಇಪ್ಪತ್ತು ಅಡಿ ಹತ್ತಿರಕ್ಕೆ ಒಯ್ದು ಬಿಡುತ್ತದೆ, ಉಳಿದದ್ದು ಬಿಜಲಿಯ ಮೂಗಿಗೆ ಸೇರಿದ್ದು. ಡಬ್ಬಿ ಇದ್ದಲ್ಲಿ ಅದು ಮುಂಗಾಲಿನಿಂದ ಎರಡು ಸಲ ಕೆರೆದು, ಕೂತು, ಒಡೆಯನ ಮುಖ ನೋಡುತ್ತಿತ್ತು.

ಅಮರೇಶಪ್ಪ ಆಟಕ್ಕೆ ತನ್ನದೊಂದು ನೇಮ ಸೇರಿಸಿಕೊಂಡಿದ್ದ. ಡಬ್ಬಿ ಸಿಕ್ಕ ಕೂಡಲೇ ಹಣೆಗೆ ವಿಭೂತಿ ಹಚ್ಚಿ, ಆ ಕಲ್ಲಿಗೂ ಮೂರು ಬೆರಳಿನಿಂದ ಎಳೆದು, ಕಣ್ಣುಮುಚ್ಚಿ ಕೈಮುಗಿದ ಮೇಲೆಯೇ ಮುಚ್ಚಳ ತೆಗೆಯುವುದು. ಮುಚ್ಚಿಟ್ಟದ್ದನ್ನು ತೋರಿಸಿಕೊಡುವವನು ಶಿವ, ನಾಯಿಯೂ ನಾನೂ ನೆಪ ಎಂಬುದು ಅವನ ನಂಬಿಕೆ. ಬರುವಾಗ ಒಂದು ವಿಭೂತಿ ಗಟ್ಟಿಯನ್ನು ಡಬ್ಬಿಯೊಳಗೆ ಇಟ್ಟು ಬರುತ್ತಿದ್ದ.

ಅಂದಿನ ಡಬ್ಬಿ ಕೊಂಡಾಪುರದ ಹಿಂದಿನ ಬಂಡೆಗಳಲ್ಲಿತ್ತು. ಹತ್ತಿರದಲ್ಲೇ ಅಪಾರ್ಟ್‌ಮೆಂಟಿಗಾಗಿ ಬಂಡೆ ಸಿಡಿಸುವ ಕೆಲಸ. ಭಾನುವಾರವಾದ್ದರಿಂದ ಯಂತ್ರಗಳು ಸುಮ್ಮನಿದ್ದವು. ಅಲ್ಲಿನ ಚಹಾದ ಡಬ್ಬಾ ಅಂಗಡಿಯಲ್ಲಿ ಅವನು ನಾಯಿಯ ಜೊತೆ ಮಾತಾಡುವುದನ್ನು ಕೇಳಿ ಇಬ್ಬರು ಹತ್ತಿರ ಬಂದರು. ಒಬ್ಬ ಅಂಬಣ್ಣ, ಐವತ್ತರವನು, ಹಣೆಯ ತುಂಬ ಕುಂಕುಮ. ಇನ್ನೊಬ್ಬ ಹನುಮಂತ, ಬಂಡೆಗೆ ತೂತು ಕೊರೆಯುವವನು, ಕಂಬದಂಥ ಆಳು.

"ನಮ್ಮ ಕಡೆಯವರ ಅದೀರಿ. ಯಾ ಊರ್ರಿ?" ಎಂದ ಅಂಬಣ್ಣ.

"ಲಿಂಗಸೂಗೂರು. ನಿಮ್ಮದು?"

"ಮಾನ್ವಿ ಕಡಿ. ನಾಯಿ ಭಾಳ ಛಂದ ಐತಲ್ರಿ."

"ಎಲ್ಲೆರೆ ಒಂದು ಕಲೆ ತೋರಸ್ರಿ ನೋಡೂಣು. ಇವತ್ತಿನ ಚಾ ನಂದು."

ಅಂಬಣ್ಣ ನಿಜವಾಗಿಯೂ ಮೊಣಕಾಲೂರಿದ. ತುಟಿ ಎತ್ತಿ ಹಲ್ಲು ನೋಡಿದ, ಕಿವಿ ಮಡಚಿ ನೋಡಿದ, ಹೊಟ್ಟೆಯಡಿ ಕೈಯಾಡಿಸಿದ. ಬಿಜಲಿ ಗುರ್ರೆಂದರೂ ಅಮರೇಶಪ್ಪ ಅದನ್ನು ಸುಮ್ಮನಿರಿಸಿ ಹಿಗ್ಗಿನಿಂದ ನಿಂತಿದ್ದ.

"ಖರೇ ಐತಿ. ಎಲ್ಲೂ ಊನ ಇಲ್ಲ" ಎಂದ ಅಂಬಣ್ಣ, ಮೆಲ್ಲಗೆ.

"ಕೈಯಾಗಿಂದು ಕ್ಯಾ ಮಷೀನ್ ರಿ?" ಎಂದ ಹನುಮಂತ.

"ಆಟದ್ದು. ಡಬ್ಬಿ ಹುಡಕೂ ಆಟ."

"ಈ ವಯಸ್ಸಿನ್ಯಾಗ ಆಟ?" ಹನುಮಂತ ನಕ್ಕ. ಅಂಬಣ್ಣ ನಗಲಿಲ್ಲ.

ಬಂಡೆಗಳ ನಡುವೆ ಕಾಲು ಗಂಟೆ ನಡೆದ ಮೇಲೆ ಒಂದು ದೊಡ್ಡ ಗುಂಡು ಎದುರಾಯಿತು. ಅದರ ಮೇಲೆ ಸವೆದ ಹನುಮಪ್ಪನ ಮೂರ್ತಿ. ಬುಡದಲ್ಲಿ ಯಾರೋ ತೋಡಿದ ಎದೆಯಾಳದ ಕುಣಿ. ಅಮರೇಶಪ್ಪ ಅದನ್ನು ಬಂಡೆ ಸಿಡಿಸುವವರ ಕೆಲಸವೆಂದುಕೊಂಡ. ಬಿಜಲಿ ಮೂಸುತ್ತ ಸುತ್ತಿ, ಮೂರ್ತಿಯ ಪಕ್ಕದ ಸಂದಿಯಲ್ಲಿ ಎರಡು ಸಲ ಕೆರೆದು ಕೂತಿತು. ಅವನು ವಿಭೂತಿ ಹಚ್ಚಿದ, ಕಲ್ಲಿಗೂ ಎಳೆದ, ಕಣ್ಣುಮುಚ್ಚಿದ.

ಎಡ ಮುಂಗೈಯ ಮೇಲೆ ಹಾರೆ ಬಿತ್ತು.

ಒಣಕಟ್ಟಿಗೆ ಮುರಿದಂಥ ಸದ್ದು ಬಂದದ್ದು ತನ್ನ ಕೈಯಿಂದ ಎಂದು ತಿಳಿಯುವ ಹೊತ್ತಿಗೆ ಅವನ ಮುಖ ಮಣ್ಣಿನಲ್ಲಿತ್ತು. ಚಹಾದಂಗಡಿಯಿಂದ ಹಿಂದೆಯೇ ಬಂದಿದ್ದ ಹನುಮಂತನ ಕಾಲು ಬೆನ್ನಿನ ಮೇಲೆ, ಆಮೇಲೆ ಪಕ್ಕೆಯ ಮೇಲೆ, ಆಮೇಲೆ ಬಾಯಿಯ ಮೇಲೆ. ಹಲ್ಲೊಂದು ನಾಲಗೆಯ ಮೇಲೆ ಉರುಳಿತು. ಬಿಜಲಿ ಹಾರಿ ಹನುಮಂತನ ತೊಡೆಗೆ ಬಾಯಿ ಹಾಕಿತು. ಅಷ್ಟರಲ್ಲಿ ಅಂಬಣ್ಣ ಹಿಂದಿನಿಂದ ಉರುಳಿನ ಹಗ್ಗ ಎಸೆದು ಅದರ ಕತ್ತನ್ನು ಬಿಗಿದು, ಅಮರೇಶಪ್ಪನ ಟವೆಲಿನಿಂದಲೇ ಅದರ ಬಾಯಿ ಕಟ್ಟಿದ. ಅಮರೇಶಪ್ಪನ ಮೊಬೈಲು ಕಲ್ಲಿಗೆ ಬಿದ್ದು ಚೂರಾಯಿತು.

"ಒಂದು ತಿಂಗಳಾತು ತೋಡಾಕತ್ತೀವಿ" ಎಂದ ಹನುಮಂತ ಏದುತ್ತ. "ಮುಂದಿನ ವಾರ ಈ ಗುಂಡು ಉಡಾಯಿಸ್ತಾರ. ನೀ ಇವತ್ತ ಬಂದಿ, ಮಷೀನ್ ಹಿಡದಿ, ನಾಯಿ ತೋರಿಸ್ತು, ಪೂಜಿ ಮಾಡಿದಿ. ಆಟ ಅಂತ ಆಟ! ಬಂಗಾರ ಎಲ್ಲೈತಿ ಹೇಳ್ಲೇ!"

"ಡಬ್ಬಿ ಐತ್ರಿ, ಬರೇ ಡಬ್ಬಿ. ತಗದು ನೋಡ್ರಿ."

ತೆಗೆದು ನೋಡಿದರು. ಪ್ಲಾಸ್ಟಿಕ್ ಒಂಟೆ, ಕೀಲಿಯ ಗೊಂಚಲು, ಒಂದು ಗಾಜಿನ ಗೋಲಿ, ಪುಸ್ತಕದಲ್ಲಿ ಹನ್ನೊಂದು ಹೆಸರು. ಹನುಮಂತ ಥೂ ಎಂದ. ಅಂಬಣ್ಣನ ಕಣ್ಣು ಮಾತ್ರ ಅರಳಿತು.

"ಬೊಂಬಿ ಇಟ್ಟಾರ, ಹೆಸರು ಬರದಾರ. ಇದು ಕಾವಲಿನ ಡಬ್ಬಿ. ನಿಧಿ ಇದರ ಕೆಳಗ ಐತಿ. ಕಾಯೂ ಶಕ್ತಿ ನೆತ್ತರ ಬೇಡತೈತಿ." ಅವನು ಬಿಜಲಿಯ ಕಡೆ ನೋಡಿದ. "ಊನ ಇಲ್ಲದ ಪ್ರಾಣಿ ತಾನಾಗೇ ನಡಕೊಂಡು ಬಂದೈತಿ."

ಆಗ ಅಮರೇಶಪ್ಪ ಕೈಯ ನೋವು ಮರೆತ. ತೆವಳುತ್ತ ಹೋಗಿ ಅಂಬಣ್ಣನ ಕಾಲು ಹಿಡಿದ. "ಯಣ್ಣಾ, ವ್ಯಾನ್ ತಗೋರಿ, ಮಷೀನ್ ತಗೋರಿ. ಅದು ಭೈರವನ ವಾಹನ, ಅದರ ಜೀವ ತಗೀಬ್ಯಾಡ್ರಿ."

"ಅದಕ್ಕ ಬೇಕಾಗಿದ್ದು" ಎಂದ ಅಂಬಣ್ಣ. ಅವನ ದನಿಯಲ್ಲಿ ದ್ವೇಷವಿರಲಿಲ್ಲ. ಭಕ್ತಿಯಿತ್ತು. ಅಮರೇಶಪ್ಪನಿಗೆ ಅದರ ಗುರುತು ಹತ್ತಿತು. ತಾನು ಈಗಷ್ಟೇ ಕಲ್ಲಿಗೆ ವಿಭೂತಿ ಎಳೆದಾಗ ಇದ್ದ ಮುಖವೇ ಈಗ ಅಂಬಣ್ಣನಿಗಿತ್ತು.

ಅರಿಸಿನ ಕುಂಕುಮದ ಪೊಟ್ಟಣ ಹೊರಬಂತು. ಬಿಜಲಿಯ ಹಣೆಗೆ ಬೊಟ್ಟು ಬಿತ್ತು. ಅಂಬಣ್ಣ ಮಚ್ಚನ್ನು ಕುಣಿಯ ಅಂಚಿಗೆ ಇಟ್ಟು, ಸೊಂಟದಿಂದ ಒಂದು ಚೂರಿ ತೆಗೆದು ಅಮರೇಶಪ್ಪನ ಬಲಗೈಗೆ ಕೊಟ್ಟ.

"ಸಾಕಿದವನ ಕೈಲೇ ಮೊದಲ ಹನಿ ಬೀಳಬೇಕು. ಕೊಟ್ಟೆ ಅಂತ ಮೂರು ಸಲ ಹೇಳಿ ನಾಯಿ ಎದಿಗೊಂದು ಗೀರು ಎಳಿ. ಉಳಿದದ್ದು ನಾ ಮಾಡತೀನಿ."

"ಚೂರಿ ಆ ಕಡಿ ಈ ಕಡಿ ಹೊಳ್ಳಿತೋ, ನಿನ್ನ ತಲಿ ಒಡೀತೀನಿ" ಎಂದ ಹನುಮಂತ, ಹಾರೆಯನ್ನು ಎತ್ತಿ ಹಿಡಿದು.

ಬಿಸಿಲು ನೆತ್ತಿಯ ಮೇಲಿತ್ತು. ಬಿಜಲಿಯ ತಲೆ ಅಮರೇಶಪ್ಪನ ತೊಡೆಯ ಮೇಲೆ. ಬಾಯಿ ಕಟ್ಟಿದ್ದರೂ ಅದರ ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಒಡೆಯನ ತೊಡೆ ಸಿಕ್ಕಿತಲ್ಲ, ಇನ್ನೇನು ಭಯ ಎಂಬಂತೆ. ಅಮರೇಶಪ್ಪ ಕಣ್ಣುಮುಚ್ಚಿದ. ಶಿವನೇ, ತೋರಿಸಿಕೊಡು ಎಂದ.

ನೆನಪಿಗೆ ಬಂದದ್ದು ಶಿವನಲ್ಲ, ಒಂದು ಹೋತ. ಅವನು ಚಿಕ್ಕವನಿದ್ದಾಗ ಊರಿನಲ್ಲಿ ಪಕ್ಕದ ಮನೆಯವರು ದೇವಿಗೆ ಬಿಟ್ಟಿದ್ದ ಹೋತ. ಕೊಡುವ ದಿನದ ಬೆಳಿಗ್ಗೆ ಬೀದಿನಾಯಿ ಅದರ ಕಿವಿ ಹರಿದಿತ್ತು. ಪೂಜಾರಿ ನೋಡಿ, ಊನವಾದದ್ದು ದೇವಿಗೆ ಸಲ್ಲದು, ಹೊರಗೆ ಒಯ್ಯಿರಿ ಎಂದಿದ್ದ. ಆ ಹೋತ ಎಲ್ಲರ ಅಂಗಳದ ಕಾಳು ತಿನ್ನುತ್ತ, ಗಡ್ಡ ನೆರೆಯುವ ತನಕ ಬದುಕಿತ್ತು.

"ಕೊಟ್ಟೆ" ಎಂದ ಅಮರೇಶಪ್ಪ. "ಕೊಟ್ಟೆ."

ಮೂರನೆಯದು ಹೇಳಲಿಲ್ಲ. ಎಡಗೈ ಜೋತುಬಿದ್ದಿತ್ತು, ಹಿಡಿಯಲು ಇನ್ನೊಂದು ಕೈಯಿಲ್ಲ. ಬಗ್ಗಿ, ಬಿಜಲಿಯ ಎಡಗಿವಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಹಿಡಿದ. ದಿನವೂ ಬಿಸಿನೀರಿನ ಬಟ್ಟೆಯಿಂದ ಒರೆಸುತ್ತಿದ್ದ ಮಡಿಕೆ ಅದು. ಚೂರಿಯನ್ನು ಬುಡಕ್ಕಿಟ್ಟು ಒಂದೇ ಎಳೆತಕ್ಕೆ ಕೊಯ್ದ.

ಬಿಜಲಿಯ ಕೂಗು ಕಟ್ಟಿದ ಬಾಯಿಂದಲೇ ಹೊರಬಂತು. ಮನುಷ್ಯರು ಕೂಗುವಂತಿತ್ತು. ಜನ್ಮದಲ್ಲಿ ಮಾಂಸ ಮುಟ್ಟದ ಅಮರೇಶಪ್ಪನ ಬಾಯಿ ನೆತ್ತರಿನಿಂದ ತುಂಬಿತು. ಅವನು ಕಿವಿಯನ್ನು ಅಂಬಣ್ಣನ ಕಾಲಬಳಿ ಉಗಿದು, "ಈಗ ಊನ ಆತು. ಕೊಡು, ಹೆಂಗ ಕೊಡ್ತಿ ನೋಡತೀನಿ" ಎಂದ.

ಅಂಬಣ್ಣ ಹಾವು ಕಂಡವನಂತೆ ಹಿಂದೆ ಸರಿದ. "ಹಾಳ ಮಾಡಿದಿ! ಕೆಡಿಸಿಬಿಟ್ಟಿ ಪಾಪಿ!"

"ಏನ್ ಕೆಟ್ಟಿತು?" ಹನುಮಂತ ಒದರಿದ. "ನೆತ್ತರ ಅಂದ್ರ ನೆತ್ತರ. ಕಡಿ, ತೋಡೂಣು."

"ಹುಚ್ಚ! ಅಂಗಹೀನ ಕೊಟ್ರ ನಮ್ಮ ಮಕ್ಕಳ ಮ್ಯಾಲ ಹೊಳ್ಳಿ ಬರತೈತಿ. ಮುಟ್ಟಬ್ಯಾಡ ಅದನ್ನ!"

ಹನುಮಂತ ಮಚ್ಚಿಗೆ ಬಗ್ಗಿದ. ಅಂಬಣ್ಣ ಅದರ ಮೇಲೆ ಕಾಲಿಟ್ಟ. ಹನುಮಂತ ಅವನನ್ನು ನೂಕಿದ, ಅಂಬಣ್ಣ ಅವನ ಅಂಗಿ ಹಿಡಿದ. ಒಂದು ತಿಂಗಳ ಬೆವರು, ನಾಯಿ ಕಚ್ಚಿದ ತೊಡೆಯ ಉರಿ, ಎಲ್ಲ ಹನುಮಂತನ ತಲೆಗೇರಿರಬೇಕು. ಹಾರೆ ಬೀಸಿದ. ಅಂಬಣ್ಣನ ಕಿವಿಯ ಮೇಲ್ಗಡೆ ಬಿತ್ತು. ಅವನು ಸದ್ದಿಲ್ಲದೆ ತಾನೇ ತೋಡಿದ ಕುಣಿಯೊಳಗೆ ಜಾರಿದ.

ಅದೇ ಗಳಿಗೆಗೆ ಅಮರೇಶಪ್ಪ ಹಗ್ಗವನ್ನೂ ಟವೆಲನ್ನೂ ಕೊಯ್ದ. ಬಿಜಲಿ ಮೊದಲು ಮಾಡಿದ್ದು ಅವನ ಬಲಗೈಗೆ ಎಲುಬು ತಾಗುವಂತೆ ಕಚ್ಚಿದ್ದು. ಆಮೇಲೆ ಬಂಡೆಗಳ ಮೇಲೆ ಹಾರಿ ಹೋಯಿತು.

ಹನುಮಂತ ಕುಣಿಯೊಳಗೆ ಒಮ್ಮೆ ನೋಡಿದ. ಮುಖ ಬಿಳಿಚಿತು. ಹಾರೆ ಬಿಟ್ಟು, ನೆಲದ ಮೇಲಿದ್ದ ಜಿಪಿಎಸ್ ಯಂತ್ರವನ್ನು ಎದೆಗವಚಿಕೊಂಡು ಓಡಿದ. ಬಂಗಾರ ತೋರಿಸುವ ಯಂತ್ರವೆಂದು ಕೊನೆಗೂ ನಂಬಿಯೇ ಓಡಿದ.

ಕಲ್ಲುಗಳ ಮೇಲೆ ಕೆಂಪು ಹನಿಗಳು ದೂರಕ್ಕೆ ಸಾಲುಗಟ್ಟಿ ಹೋಗಿದ್ದವು. ಕುಣಿಯೊಳಗಿಂದ ಗೊರ್ ಗೊರ್ ಎಂಬ ಉಸಿರು. ಅಮರೇಶಪ್ಪ ಎರಡರ ನಡುವೆ ಒಂದು ಕ್ಷಣ ನಿಂತ. ಆಮೇಲೆ ಕುಣಿಗೆ ಇಳಿದು, ಕೊಯ್ದ ಟವೆಲನ್ನು ಅಂಬಣ್ಣನ ತಲೆಗೆ ಹಲ್ಲಿನಿಂದ ಬಿಗಿದು ಕಟ್ಟಿದ. ಮೇಲೆ ಬಂದು ಕಟ್ಟಡದ ಕಡೆ ಮುಖಮಾಡಿ ಗಂಟಲು ಹರಿಯುವಂತೆ ಕೂಗಿದ. ವಾಚ್‌ಮನ್ ಒಬ್ಬ ಓಡಿ ಬಂದ.

"ಏಮೈಂದಿ ಸಾರ್? ಅಯ್ಯೋ, ನೋಟಿ ನಿಂಡಾ ರಕ್ತಂ!"

ಬಾಯಿ ತುಂಬ ಇದ್ದ ರಕ್ತ ತನ್ನದೆಷ್ಟು, ಬಿಜಲಿಯದೆಷ್ಟು ಎಂದು ಅವನಿಗೇ ಗೊತ್ತಿರಲಿಲ್ಲ. ಕುಣಿಯ ಕಡೆ ಕೈ ತೋರಿಸಿ, ಹನಿಗಳ ಹಿಂದೆ ನಡೆದ.

ಇಷ್ಟು ವರ್ಷ ಬಿಜಲಿ ಹುಡುಕುತ್ತಿತ್ತು, ಅವನು ಹಿಂದೆ ನಡೆಯುತ್ತಿದ್ದ. ಇಂದು ಯಂತ್ರವಿಲ್ಲ, ಮೂಗಿಲ್ಲ. ಹನಿ ನಿಂತಲ್ಲಿ ನಿಂತು, ಮತ್ತೆ ಕಂಡಲ್ಲಿ ತೆವಳಿ, ಹೊತ್ತು ಇಳಿಯುವಾಗ ಎರಡು ಬಂಡೆಗಳ ಸಂದಿಯಲ್ಲಿ ಅದನ್ನು ಕಂಡ. ಬಲಗೈ ಚಾಚಿದ. ಅದು ಹಲ್ಲು ಕಿರಿಯಿತು. ಅವನು ಕೈ ಹಿಂತೆಗೆದು, ಅಲ್ಲೇ ಮಣ್ಣಿನ ಮೇಲೆ ಮಲಗಿದ. ಮುರಿದ ಎಡಗೈ ಸಂದಿಯ ಬಾಯಿಗೆ ಬಿದ್ದಿತ್ತು. ಎಷ್ಟೋ ಹೊತ್ತಿನ ಮೇಲೆ, ಊದಿದ ಆ ಬೆರಳುಗಳಿಗೆ ಒದ್ದೆ ಮೂಗು ತಾಗಿತು.

ಅಂಬಣ್ಣ ಬದುಕಿದ. ಮಾತು ಮಾತ್ರ ಮರಳಿ ಬರಲಿಲ್ಲ. ಹನುಮಂತನನ್ನು ಪೊಲೀಸರು ಹಿಡಿದದ್ದು ಇನ್ನೊಂದು ಬಂಡೆಯ ಬುಡದಲ್ಲಿ, ಯಂತ್ರದ ಸಮೇತ. ಹನುಮಪ್ಪನ ಗುಂಡು ಮುಂದಿನ ವಾರ ಸಿಡಿಯಿತು. ಅದರ ಕೆಳಗೆ ಬಂಡೆಯಲ್ಲದೆ ಬೇರೇನೂ ಇರಲಿಲ್ಲ.

ಅಮರೇಶಪ್ಪನ ಎಡಗೈ ಸೊಟ್ಟಗೆ ಕೂಡಿಕೊಂಡಿತು. ಬೆಳಿಗ್ಗೆ ಅವನು ಬಲಗೈಯಲ್ಲಿ ರೊಟ್ಟಿ ಹಿಡಿದರೆ ಬಿಜಲಿ ಮುಖ ತಿರುಗಿಸಿ ಬಾಗಿಲ ಕಡೆ ಹೋಗುತ್ತದೆ. ಆ ಕೈಯನ್ನು ಅದು ಇಂದಿಗೂ ಮುಟ್ಟಗೊಟ್ಟಿಲ್ಲ.

"ಸಿಟ್ಟು ಭಾಳ ಐತಿ ಅದಕ್ಕ" ಎನ್ನುತ್ತಾಳೆ ಉಮಾಬಾಯಿ.

"ಇರಲಿ ಬಿಡು. ಸಿಟ್ಟು ಮಾಡಾಕ ಜೀವ ಐತಲ್ಲ" ಎನ್ನುತ್ತಾನೆ ಅವನು. ರೊಟ್ಟಿಯನ್ನು ಸೊಟ್ಟ ಕೈಗೆ ಬದಲಿಸಿ ಹಿಡಿದು ಕಾಯುತ್ತಾನೆ. ಬಿಜಲಿ, ಒಂದೇ ಕಿವಿ ನಿಮಿರಿಸಿ, ಮೆಲ್ಲಗೆ ಬರುತ್ತದೆ.